ಬೆಳೆಯ ಬಾಯಾರಿಕೆ

(ಬಾನುಲಿ ಭಾಷಣದ ಬರಹರೂಪ)

ಮೂವತ್ತು ವರ್ಷಗಳ ಕಾಲ ನಾನು ದಿನವೂ ಬೆಳಿಗ್ಗೆ ಒಂದು ಬಾನಿಯ ನೀರನ್ನು ಅಳೆಯುತ್ತಿದ್ದೆ. 1984ರಲ್ಲಿ ಬಯಲುಸೀಮೆಯ ಕೃಷಿ ಕ್ಷೇತ್ರವೊಂದರ ಹವಾ ವೀಕ್ಷಣಾಲಯಕ್ಕೆ ಸೇರಿದಾಗ ನನಗೆ ಒಪ್ಪಿಸಿದ ಮೊದಲ ಕೆಲಸವೇ ಅದು. ನಾಲ್ಕು ಅಡಿ ಅಗಲ, ಹತ್ತು ಅಂಗುಲ ಆಳದ ಲೋಹದ ಬಾನಿ; ಮರದ ಚೌಕಟ್ಟಿನ ಮೇಲೆ, ನೆರಳಿಲ್ಲದ ಬಯಲಿನಲ್ಲಿ ಅದನ್ನು ಇಟ್ಟಿರುತ್ತಾರೆ. ಹಕ್ಕಿಗಳು ಬಂದು ಕುಡಿಯದಿರಲೆಂದು ಮೇಲೆ ತಂತಿಯ ಬಲೆ. ಒಳಗೆ ಒಂದು ಸೂಜಿಮೊನೆ. ಹಿಂದಿನ ದಿನ ಆ ಮೊನೆಯ ಮಟ್ಟಕ್ಕೆ ನಿಲ್ಲಿಸಿದ್ದ ನೀರು ಮರುದಿನ ಬೆಳಿಗ್ಗೆ ಅಷ್ಟಿಷ್ಟು ಇಳಿದಿರುತ್ತದೆ. ಅಳತೆಯ ಪಾತ್ರೆಯಿಂದ ನೀರು ಸುರಿದು ಮತ್ತೆ ಮೊನೆಯ ಮಟ್ಟಕ್ಕೆ ತರಬೇಕು. ಎಷ್ಟು ಸುರಿದೆವೋ ಅಷ್ಟನ್ನು ಒಂದು ಹಗಲು ಒಂದು ರಾತ್ರಿಯಲ್ಲಿ ಗಾಳಿ ಕುಡಿದಿದೆ ಎಂದು ಅರ್ಥ. ಚಳಿಗಾಲದಲ್ಲಿ ನಾಲ್ಕೈದು ಮಿಲಿಮೀಟರ್ ಇಳಿಯುತ್ತಿದ್ದ ನೀರು ಏಪ್ರಿಲ್, ಮೇ ತಿಂಗಳುಗಳಲ್ಲಿ ಹತ್ತು ಮಿಲಿಮೀಟರನ್ನೂ ದಾಟಿ ಇಳಿಯುತ್ತಿತ್ತು.

ಮಿಲಿಮೀಟರ್ ಎಂದರೆ ಬಹಳ ಸಣ್ಣ ಅಳತೆಯೆಂದು ಕೇಳುಗರಿಗೆ ಅನ್ನಿಸಬಹುದು. ಆದರೆ ಒಂದು ಎಕರೆ ನೆಲದ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು ಸುಮಾರು 4,000 ಲೀಟರ್ ಆಗುತ್ತದೆ. ದಿನಕ್ಕೆ ಐದು ಮಿಲಿಮೀಟರ್ ಎಂದರೆ ಎಕರೆಗೆ 20,000 ಲೀಟರ್. ಎರಡು ದೊಡ್ಡ ಟ್ಯಾಂಕರ್ ನೀರು. ಸದ್ದಿಲ್ಲದೆ, ಯಾರ ಅಪ್ಪಣೆಯನ್ನೂ ಕೇಳದೆ, ಇಷ್ಟು ನೀರು ಹೊಲದಿಂದ ಆಕಾಶಕ್ಕೆ ಏರುತ್ತದೆ.

ಈಚಿನ ವರ್ಷಗಳಲ್ಲಿ ಹಳ್ಳಿಗಳಿಗೆ ಹೋದಲ್ಲೆಲ್ಲ ರೈತರು ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಾರೆ: "ಭೂಮಿ ಕಾವೇರುತ್ತಿದೆ ಎನ್ನುತ್ತೀರಿ. ಹಾಗಾದರೆ ಇನ್ನು ಮುಂದೆ ಬೆಳೆಗೆ ಎಷ್ಟು ನೀರು ಹೆಚ್ಚಿಗೆ ಬೇಕು?" ಸರಳವಾದ ಪ್ರಶ್ನೆ, ನ್ಯಾಯವಾದ ಪ್ರಶ್ನೆ. ಆದರೆ ಒಂದು ಅಂಕಿಯಲ್ಲಿ ಇದಕ್ಕೆ ಉತ್ತರವಿಲ್ಲ. ಅಂಕಿಯನ್ನು ನೆಚ್ಚಿ ಅವಸರದ ಉತ್ತರ ಕೊಟ್ಟು ನಾನು ಒಮ್ಮೆ ನನ್ನ ಸ್ವಂತ ಅಣ್ಣನಿಗೇ ಒಂದು ಬೆಳೆಯ ನಷ್ಟವನ್ನು ಉಂಟುಮಾಡಿದ್ದೇನೆ. ಆ ಸಂಗತಿಯನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ಬೆಳೆಗೆ ನೀರು ಏಕೆ ಬೇಕು ಎಂಬುದನ್ನೇ ಸ್ವಲ್ಪ ವಿಚಾರಿಸೋಣ.

ಬೆಳೆ ನೀರನ್ನು ಕುಡಿಯುತ್ತದೆ ಎಂದು ನಾವು ಹೇಳುತ್ತೇವೆ. ವಾಸ್ತವವಾಗಿ ಬೇರು ಹೀರಿದ ನೂರು ಪಾಲು ನೀರಿನಲ್ಲಿ ಸಸ್ಯ ತನ್ನ ಮೈಗೆ ಇಟ್ಟುಕೊಳ್ಳುವುದು ಒಂದೆರಡು ಪಾಲು ಮಾತ್ರ. ಉಳಿದುದೆಲ್ಲ ಎಲೆಯ ಮೂಲಕ ಆವಿಯಾಗಿ ಹೊರಟುಹೋಗುತ್ತದೆ. ಎಲೆಯ ಮೈಮೇಲೆ ಕಣ್ಣಿಗೆ ಕಾಣದ ಸಾವಿರಾರು ಬಾಯಿಗಳಿವೆ. ಪತ್ರರಂಧ್ರಗಳೆಂದು ಅವುಗಳ ಹೆಸರು. ತನ್ನ ಆಹಾರ ತಯಾರಿಕೆಗೆ ಬೇಕಾದ ಇಂಗಾಲದ ಡೈ ಆಕ್ಸೈಡನ್ನು ಗಾಳಿಯಿಂದ ಪಡೆಯಲು ಸಸ್ಯ ಈ ಬಾಯಿಗಳನ್ನು ತೆರೆಯಲೇಬೇಕು. ತೆರೆದ ಬಾಯಿಂದ ಒಳಗಿನ ತೇವ ಹೊರಗೆ ಹೋಗುತ್ತದೆ. ಅಂಗಡಿಯ ಬಾಗಿಲು ತೆರೆಯದೆ ವ್ಯಾಪಾರವಿಲ್ಲ. ತೆರೆದರೆ ಧೂಳು ಒಳಗೆ ಬರದೆ ಇರುವುದಿಲ್ಲ. ಸಸ್ಯದ ಪಾಡೂ ಹೀಗೆಯೇ. ಅನ್ನಕ್ಕಾಗಿ ಅದು ತೆರುವ ಸುಂಕವೇ ನೀರು. ಇದರ ಜೊತೆಗೆ ಬೆಳೆಯ ಸಾಲುಗಳ ನಡುವಣ ಬರಿಯ ನೆಲದಿಂದಲೂ ನೀರು ಆವಿಯಾಗುತ್ತದೆ. ಎಲೆಯಿಂದ ಹೋಗುವುದು, ನೆಲದಿಂದ ಹೋಗುವುದು, ಇವೆರಡರ ಮೊತ್ತವನ್ನು ನಾವು ಬೆಳೆಯ ನೀರಿನ ಬೇಡಿಕೆ ಎಂದು ಕರೆಯುತ್ತೇವೆ.

ಈ ಸುಂಕದ ದರವನ್ನು ಗೊತ್ತುಮಾಡುವುದು ಗಾಳಿ. ಗಾಳಿಯ ಈ ದಾಹದ ಲೆಕ್ಕವನ್ನು ಮೊದಲು ಹಾಕಿದವನು ಇಂಗ್ಲೆಂಡಿನ ಜಾನ್ ಡಾಲ್ಟನ್; 1802ರ ಮಾತು ಅದು. ಗಾಳಿ ಹಿಡಿದುಕೊಳ್ಳಬಲ್ಲ ತೇವಕ್ಕೂ ಅದರಲ್ಲಿ ಆಗಲೇ ಇರುವ ತೇವಕ್ಕೂ ಎಷ್ಟು ಅಂತರವಿದೆಯೋ ಆವಿಯಾಗುವ ವೇಗವೂ ಅದಕ್ಕೆ ತಕ್ಕಂತೆ ಎಂದು ಆತ ಕಂಡುಕೊಂಡ. ಮುಂದೆ 1948ರಲ್ಲಿ ರಾಥಮ್‌ಸ್ಟೆಡ್ ಸಂಶೋಧನಾ ಕೇಂದ್ರದ ಹೊವರ್ಡ್ ಪೆನ್‌ಮನ್ ಎಂಬವರು ಬಿಸಿಲು, ಉಷ್ಣತೆ, ತೇವ, ಗಾಳಿಯ ಬೀಸು ಈ ನಾಲ್ಕನ್ನೂ ಒಂದೇ ಸೂತ್ರದಲ್ಲಿ ಹೆಣೆದರು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ 1998ರಲ್ಲಿ ಹೊರತಂದ ಕೈಪಿಡಿ ಇದೇ ಹಾದಿಯಲ್ಲಿ ಬೆಳೆದದ್ದು. ಇಂದಿಗೂ ಲೋಕದ ಎಲ್ಲೆಡೆ ನೀರಾವರಿಯ ಲೆಕ್ಕಕ್ಕೆ ಅದೇ ಆಧಾರ. ಹನ್ನೆರಡು ಸೆಂಟಿಮೀಟರ್ ಎತ್ತರದ, ನೀರಿನ ಕೊರತೆಯಿಲ್ಲದ ಹುಲ್ಲುಗಾವಲೊಂದನ್ನು ಕಲ್ಪಿಸಿಕೊಂಡು, ಅದರಿಂದ ದಿನಕ್ಕೆ ಎಷ್ಟು ನೀರು ಆವಿಯಾದೀತೆಂದು ಮೊದಲು ಲೆಕ್ಕ ಹಾಕುತ್ತಾರೆ. ಆಮೇಲೆ ಆಯಾ ಬೆಳೆಗೆ, ಅದರ ಆಯಾ ವಯಸ್ಸಿಗೆ ತಕ್ಕ ಗುಣಕದಿಂದ ಅದನ್ನು ಗುಣಿಸುತ್ತಾರೆ. ಎಳೆಯ ಜೋಳಕ್ಕೆ ಹುಲ್ಲಿನ ಮೂರನೆಯ ಒಂದು ಪಾಲು ಸಾಕು. ತೆನೆ ಬರುವ ಕಾಲಕ್ಕೆ ಹುಲ್ಲಿಗೆ ಸರಿಸಮನಾಗಿ, ಕೆಲವೊಮ್ಮೆ ಅದಕ್ಕಿಂತ ತುಸು ಹೆಚ್ಚಾಗಿ ಬೇಕು.

ಈಗ ಗಾಳಿ ಕಾವೇರಿದರೆ ಏನಾಗುತ್ತದೆ ನೋಡೋಣ. ಇಪ್ಪತ್ತು ಡಿಗ್ರಿ ಸೆಂಟಿಗ್ರೇಡಿನಲ್ಲಿ ಒಂದು ಘನಮೀಟರ್ ಗಾಳಿ ಹೆಚ್ಚೆಂದರೆ 17 ಗ್ರಾಂ ನೀರಾವಿಯನ್ನು ಹಿಡಿದುಕೊಳ್ಳಬಲ್ಲುದು. ಮೂವತ್ತು ಡಿಗ್ರಿಯಲ್ಲಿ 30 ಗ್ರಾಂ, ನಲವತ್ತರಲ್ಲಿ 51 ಗ್ರಾಂ. ಒಂದೊಂದು ಡಿಗ್ರಿ ಏರಿದಾಗಲೂ ಗಾಳಿಯ ಹೊಟ್ಟೆ ನೂರಕ್ಕೆ ಆರೇಳರಷ್ಟು ಹಿಗ್ಗುತ್ತದೆ. ಸಮುದ್ರದ ಹತ್ತಿರ ಹಿಗ್ಗಿದ ಹೊಟ್ಟೆಯನ್ನು ತುಂಬಲು ನೀರುಂಟು. ವಿಜಯಪುರ, ರಾಯಚೂರುಗಳಂಥ ಒಣನಾಡಿನಲ್ಲಿ ಅದನ್ನು ತುಂಬುವವರು ಯಾರು? ಹೊಲದ ಮಣ್ಣು ಮತ್ತು ಬೆಳೆಯ ಎಲೆ.

ಹಾಗೆಂದು ಡಿಗ್ರಿಗೆ ನೂರಕ್ಕೆ ಏಳರಂತೆ ಬೆಳೆಯ ಬೇಡಿಕೆಯೂ ಏರುತ್ತದೆ ಎಂದು ಹೇಳುವಂತಿಲ್ಲ. ನೀರು ಆವಿಯಾಗಲು ಶಾಖ ಬೇಕು, ಅದೂ ಅಪಾರವಾದ ಶಾಖ. ಒಂದು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಬೇಕಾದ ಶಾಖದ ಐದು ಪಟ್ಟಿಗೂ ಹೆಚ್ಚು ಶಾಖ, ಅದನ್ನು ಪೂರ್ತಿ ಆವಿಯಾಗಿಸಲು ಬೇಕಾಗುತ್ತದೆ. ಗಾಳಿ ಎಷ್ಟೇ ಹಸಿದಿದ್ದರೂ ಬಿಸಿಲು ಕೊಟ್ಟಷ್ಟೇ ಅದಕ್ಕೆ ಊಟ. ಆದುದರಿಂದ ಉಳಿದೆಲ್ಲವೂ ಇದ್ದಂತೆಯೇ ಇದ್ದು ಉಷ್ಣತೆ ಮಾತ್ರ ಏರಿದರೆ, ಬೇಡಿಕೆ ಡಿಗ್ರಿಗೆ ನೂರಕ್ಕೆ ಎರಡರಿಂದ ನಾಲ್ಕರಷ್ಟು ಹೆಚ್ಚುತ್ತದೆ ಎಂದು ತಿಳಿಯಬಹುದು. 1901ರಿಂದ 2018ರ ವರೆಗೆ ಭಾರತದ ಸರಾಸರಿ ಉಷ್ಣತೆ ಸುಮಾರು 0.7 ಡಿಗ್ರಿ ಏರಿದೆಯೆಂದು ಕೇಂದ್ರದ ಭೂವಿಜ್ಞಾನ ಸಚಿವಾಲಯದ 2020ರ ವರದಿ ಹೇಳಿದೆ.

ಉಳಿದೆಲ್ಲವೂ ಇದ್ದಂತೆಯೇ ಇದ್ದರೆ ಎಂದೆ. ಇದ್ದಂತೆ ಇರಲಿಲ್ಲ ಎಂಬುದಕ್ಕೆ ನನ್ನ ಬಾನಿಯೇ ಸಾಕ್ಷಿ. 1997ರಲ್ಲಿ ಚಟ್ಟೋಪಾಧ್ಯಾಯ ಮತ್ತು ಹುಲ್ಮ್ ಎಂಬ ವಿಜ್ಞಾನಿಗಳು ದೇಶದ ನಾನಾ ಕಡೆಯ ಇಂಥ ಬಾನಿಗಳ ಅಂಕಿಗಳನ್ನು ಒಟ್ಟುಗೂಡಿಸಿ ನೋಡಿದರು. ಹಿಂದಿನ ಮೂರು ದಶಕಗಳಲ್ಲಿ ಉಷ್ಣತೆ ಏರುತ್ತಿದ್ದರೂ ಬಾನಿಗಳಿಂದ ಆವಿಯಾಗುವ ನೀರು ಕಡಿಮೆಯಾಗುತ್ತ ಬಂದಿತ್ತು! ಗಾಳಿಯಲ್ಲಿ ತೇವ ಹೆಚ್ಚಿದ್ದು ಇದಕ್ಕೆ ಒಂದು ಕಾರಣವೆಂದು ಅವರು ಸೂಚಿಸಿದರು. ಹೊಗೆ, ಧೂಳುಗಳಿಂದ ಬಿಸಿಲು ಮಂಕಾದದ್ದು, ನೆಲಮಟ್ಟದಲ್ಲಿ ಗಾಳಿಯ ಬೀಸು ತಗ್ಗಿದ್ದು ಇವೂ ಕಾರಣಗಳೆಂದು ಬೇರೆ ಬೇರೆ ದೇಶಗಳ ಅಧ್ಯಯನಗಳು ತೋರಿಸಿವೆ. ಇದನ್ನು ಓದಿದಾಗ ಬೆಳಗಿನ ಹೊತ್ತು ಯಾಂತ್ರಿಕವಾಗಿ ಬರೆದಿಡುತ್ತಿದ್ದ ಅಂಕಿಗಳ ಮೇಲೆ ನನಗೆ ಹೊಸದಾಗಿ ಗೌರವ ಹುಟ್ಟಿತು. ಉಷ್ಣತೆಯೊಂದನ್ನೇ ನೋಡಿ ನೀರಿನ ಲೆಕ್ಕ ಬರೆಯಬಾರದು ಎಂಬ ಪಾಠ ಅದರಲ್ಲಿತ್ತು.

ಇನ್ನೊಂದು ಸಂಗತಿ ಇಂಗಾಲದ ಡೈ ಆಕ್ಸೈಡಿನದು. 1958ರಲ್ಲಿ ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದ ಮೇಲೆ ಚಾರ್ಲ್ಸ್ ಕೀಲಿಂಗ್ ಇದನ್ನು ಕ್ರಮವಾಗಿ ಅಳೆಯತೊಡಗಿದಾಗ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಅದು ಸುಮಾರು 315 ಪಾಲಿತ್ತು. ಇಂದು 420ನ್ನು ದಾಟಿದೆ. ಭೂಮಿಯನ್ನು ಕಾಯಿಸುತ್ತಿರುವ ಈ ಅನಿಲವೇ ಸಸ್ಯದ ಆಹಾರವೂ ಹೌದು. ಅದು ಧಾರಾಳವಾಗಿ ಸಿಕ್ಕುವಾಗ ಎಲೆ ತನ್ನ ಬಾಯಿಗಳನ್ನು ಪೂರ್ತಿ ತೆರೆಯಬೇಕಾಗಿಲ್ಲ, ಅರೆತೆರೆದರೂ ಸಾಕು. ಆಗ ನೀರಿನ ಸುಂಕವೂ ಇಳಿಯುತ್ತದೆ. ಭತ್ತ, ಗೋಧಿ, ತೊಗರಿ, ಕಡಲೆ, ಶೇಂಗಾಗಳಿಗೆ ಈ ಅನಿಲ ಹೆಚ್ಚಿದರೆ ಬೆಳವಣಿಗೆಯೂ ಸ್ವಲ್ಪ ಹೆಚ್ಚುತ್ತದೆ. ಜೋಳ, ರಾಗಿ, ಮೆಕ್ಕೆಜೋಳ, ಕಬ್ಬುಗಳ ರಚನೆಯೇ ಬೇರೆ. ಇರುವ ಅನಿಲವನ್ನೇ ಅವು ಒಳಗೆ ಒಟ್ಟುಗೂಡಿಸಿಕೊಳ್ಳಬಲ್ಲವು. ಹೆಚ್ಚು ಕೊಟ್ಟರೆ ಅವುಗಳಿಗೆ ವಿಶೇಷ ಲಾಭವಿಲ್ಲ. ಅಮೆರಿಕದ ಅರಿಜೋನಾ ಪ್ರಾಂತ್ಯದ ಮಾರಿಕೋಪದಲ್ಲಿ 1998 ಮತ್ತು 1999ರಲ್ಲಿ ಬಯಲಿನಲ್ಲೇ ಜೋಳದ ಬೆಳೆಯ ಸುತ್ತ ಈ ಅನಿಲವನ್ನು ಬಿಟ್ಟು ಪರೀಕ್ಷಿಸಿದರು. ನೀರು ಸಾಕಷ್ಟಿದ್ದ ಮಡಿಗಳಲ್ಲಿ ಇಳುವರಿ ಹೆಚ್ಚಲಿಲ್ಲ. ನೀರಿನ ಕೊರತೆಯಿದ್ದ ಮಡಿಗಳಲ್ಲಿ ಹೆಚ್ಚಿತು. ಅಂದರೆ ಉಳಿತಾಯವಾದ ನೀರೇ ಅಲ್ಲಿ ಕಾಳಾಯಿತು.

ಇದು ಒಳ್ಳೆಯ ಸುದ್ದಿಯೇ. ಆದರೆ ಇದಕ್ಕೊಂದು ಮಿತಿಯಿದೆ. ಎಲೆಯಿಂದ ಹೋಗುವ ಆವಿ ಬರಿಯ ನಷ್ಟವಲ್ಲ. ಮಣ್ಣಿನ ಗಡಿಗೆಯ ನೀರು ತಣ್ಣಗಾಗುವಂತೆ ಎಲೆಯೂ ಆವಿಯಿಂದಲೇ ತಂಪಾಗುತ್ತದೆ. ಬಾಯಿ ಮುಚ್ಚಿದ ಎಲೆ ಕಾಯುತ್ತದೆ. ಬಿಸಿಗಾಳಿ ಬೀಸುವ ದಿನಗಳಲ್ಲಿ ಈ ಉಳಿತಾಯ ಸಸ್ಯಕ್ಕೆ ದುಬಾರಿಯಾಗಿ ಪರಿಣಮಿಸಬಹುದು.

ಇಷ್ಟು ಹೇಳಿದ ಮೇಲೆ, ನನ್ನನ್ನು ಬಹಳ ಕಾಲ ಗೊಂದಲಕ್ಕೆ ಕೆಡವಿದ ಲೆಕ್ಕವೊಂದನ್ನು ನಿಮ್ಮ ಮುಂದೆ ಇಡುತ್ತೇನೆ. ಸಸ್ಯ ತನ್ನ ಆಯುಷ್ಯವನ್ನು ದಿನಗಳಲ್ಲಿ ಎಣಿಸುವುದಿಲ್ಲ, ಕಾವಿನಲ್ಲಿ ಎಣಿಸುತ್ತದೆ. ಹತ್ತು ಡಿಗ್ರಿಗಿಂತ ಮೇಲಿರುವ ಕಾವನ್ನು ಅದು ದಿನದಿನವೂ ಕೂಡಿಸುತ್ತ ಹೋಗಿ, ಒಟ್ಟು 1,680 ಆದಾಗ ಮಾಗುತ್ತದೆ ಎಂದು ಲೆಕ್ಕದ ಅನುಕೂಲಕ್ಕಾಗಿ ಇಟ್ಟುಕೊಳ್ಳೋಣ. ದಿನದ ಸರಾಸರಿ 24 ಡಿಗ್ರಿಯಿದ್ದರೆ ದಿನಕ್ಕೆ 14 ಜಮೆಯಾಗುತ್ತದೆ. 120 ದಿನಗಳಲ್ಲಿ ಬೆಳೆ ಮಾಗುತ್ತದೆ. ಸರಾಸರಿ 25 ಆದರೆ ದಿನಕ್ಕೆ 15. 112 ದಿನಗಳಲ್ಲೇ ಮಾಗುತ್ತದೆ. ಎಂಟು ದಿನ ಮೊದಲೇ ಕೊಯ್ಲು. ಈಗ ನೀರಿನ ಲೆಕ್ಕ. ಮೊದಲು ದಿನಕ್ಕೆ ಮೂರು ಮಿಲಿಮೀಟರಿನಂತೆ 120 ದಿನಕ್ಕೆ 360 ಮಿಲಿಮೀಟರ್ ಬೇಕಾಗುತ್ತಿತ್ತು. ಕಾವೇರಿದ ಮೇಲೆ ದಿನದ ಬೇಡಿಕೆ ನೂರಕ್ಕೆ ಮೂರರಷ್ಟು ಹೆಚ್ಚಿದರೂ 112 ದಿನಕ್ಕೆ ಬೇಕಾಗುವುದು 346 ಮಿಲಿಮೀಟರ್ ಮಾತ್ರ. ದಿನದ ಬೇಡಿಕೆ ಏರಿತು, ಬೆಳೆಯ ಒಟ್ಟು ಬೇಡಿಕೆ ಇಳಿಯಿತು!

ಹಾಗಾದರೆ ಹವಾಮಾನದ ಬದಲಾವಣೆ ನೀರನ್ನು ಉಳಿಸಿಕೊಟ್ಟಿತೇ? ಉಳಿಸಿದ್ದು ಹೌದು; ಆದರೆ ಯಾರ ಖರ್ಚಿನಲ್ಲಿ? ಎಂಟು ದಿನಗಳ ಬಿಸಿಲನ್ನು ಉಣ್ಣುವ ಅವಕಾಶ ಬೆಳೆಗೆ ತಪ್ಪಿತು. ತೆನೆ ತುಂಬುವ ಅವಧಿಯಲ್ಲಿ ಒಂದೆರಡು ದಿನ ಕಡಿಮೆಯಾದರೂ ಕಾಳು ಹಗುರವಾಗುತ್ತದೆ. ಅವಧಿ ಮೊಟಕಾದುದಕ್ಕೆ ದೀರ್ಘಾವಧಿಯ ತಳಿಯನ್ನು ಬಿತ್ತಿದರೆ ಉಳಿತಾಯವೆಂದುಕೊಂಡ ನೀರು ಮತ್ತೆ ಖರ್ಚಾಗುತ್ತದೆ. ಇನ್ನೊಂದು ಪಕ್ಷವೂ ಇದೆ. ಮಣ್ಣಿನ ತೇವ ಮುಗಿಯುವ ಮುನ್ನವೇ ಮಾಗಿ ಪಾರಾಗುವ ಬೆಳೆ ಒಣನಾಡಿನಲ್ಲಿ ಜಾಣ ಬೆಳೆಯೇ. ಆದುದರಿಂದ ಒಟ್ಟು ಮೊತ್ತ ನಮಗೆ ಹೆಚ್ಚೇನೂ ಹೇಳುವುದಿಲ್ಲ. ಯಾವ ವಾರದಲ್ಲಿ ಗಾಳಿ ಎಷ್ಟು ಕೇಳುತ್ತದೆ, ಆ ವಾರ ಬೇರಿನ ಬಳಿ ಎಷ್ಟಿದೆ ಎಂಬುದೇ ಮುಖ್ಯ. ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಅಣ್ಣನ ಹೊಲದಲ್ಲಿ ಕಲಿತೆ.

ನಮ್ಮ ಊರು ವಿಜಯಪುರ ಜಿಲ್ಲೆಯ ಡೋಣಿ ನದಿಯ ಬಯಲಿನಲ್ಲಿದೆ. ಆಳವಾದ ಎರೆಮಣ್ಣು. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. ಮುಂಗಾರಿನಲ್ಲಿ ಹೊಲವನ್ನು ಹರಗಿ ಬಿಟ್ಟು ಮಳೆಯ ನೀರನ್ನು ಮಣ್ಣಿಗೆ ಕುಡಿಸಿ, ಸೆಪ್ಟೆಂಬರ್ ಕೊನೆಗೆ ಅಥವಾ ಅಕ್ಟೋಬರಿನಲ್ಲಿ ಹಿಂಗಾರಿ ಜೋಳವನ್ನು ಬಿತ್ತುವುದು ಅಲ್ಲಿಯ ಪದ್ಧತಿ. ಬಿತ್ತಿದ ಮೇಲೆ ಮಳೆ ಬಂದರೆ ದೈವಕೃಪೆ. ಬಾರದಿದ್ದರೆ ಮಣ್ಣಿನಲ್ಲಿ ಕೂಡಿಟ್ಟ ತೇವವೇ ಗತಿ. ಒಂದು ಮೀಟರ್ ಆಳದ ಒಳ್ಳೆಯ ಎರೆಮಣ್ಣು ಬೇರಿಗೆ ಒದಗುವಂಥ 150ರಿಂದ 200 ಮಿಲಿಮೀಟರ್ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಸೆಪ್ಟೆಂಬರಿನಲ್ಲಿ ತುಂಬಿದ ಈ ಕಣಜದಿಂದಲೇ ಜನವರಿಯ ವರೆಗೆ ಬೆಳೆ ಉಣ್ಣಬೇಕು. ಬಡವನ ಮನೆಯ ಸಂಸಾರದಂತೆ ಇದು; ಮೊದಲ ತಿಂಗಳಲ್ಲಿ ಕೈಬಿಚ್ಚಿ ಖರ್ಚು ಮಾಡಿದರೆ ಕೊನೆಯ ತಿಂಗಳಲ್ಲಿ ಉಪವಾಸ.

2014ರಲ್ಲಿ ರಾಜ್ಯ ಸರಕಾರ ಕೃಷಿ ಭಾಗ್ಯ ಯೋಜನೆಯನ್ನು ತಂದ ಮೇಲೆ ಅಣ್ಣನೂ ಹೊಲದಲ್ಲೊಂದು ಕೃಷಿ ಹೊಂಡವನ್ನು ತೋಡಿಸಿದ. 2018ರಲ್ಲಿ ಒಂದೇ ಒಂದು ದೊಡ್ಡ ಮಳೆ ಬಂದು ಹೊಂಡದಲ್ಲಿ ನೀರು ನಿಂತಿತು. ಆ ಬಳಿಕ ಹಿಂಗಾರು ಕೈಕೊಟ್ಟಿತು. ಹೊಂಡದಲ್ಲಿದ್ದದ್ದು ಸುಮಾರು 4 ಲಕ್ಷ ಲೀಟರ್. ಎರಡು ಎಕರೆಗೆ ಒಂದೇ ಸಲ, 50 ಮಿಲಿಮೀಟರಿನಷ್ಟು ಕೊಡಬಹುದು. ಬಿತ್ತಿ ಐದು ವಾರಗಳಾಗಿದ್ದವು. ಮಧ್ಯಾಹ್ನದ ಹೊತ್ತು ಎಲೆಗಳು ಸುರುಳಿ ಸುತ್ತುತ್ತಿದ್ದವು. ನಾನು ಆಗ ನಿವೃತ್ತನಾಗಿ ಊರಿಗೆ ಬಂದಿದ್ದೆ. ಪುಸ್ತಕದಲ್ಲಿದ್ದ ಪಟ್ಟಿಯನ್ನು ನೋಡಿ, ಮೊದಲ ನೀರಿನ ಕಾಲ ಇದೇ ಎಂದೆ. ಹೊಂಡದ ನೀರೂ ದಿನಕ್ಕೆ ಐದು ಮಿಲಿಮೀಟರಿನಂತೆ ಆರುತ್ತಿದೆ, ಅರವತ್ತು ದಿನ ಕಾದರೆ ಒಂದು ಅಡಿ ನೀರು ಗಾಳಿಗೇ ಹೋಗುತ್ತದೆ ಎಂದು ಲೆಕ್ಕವನ್ನೂ ಹೇಳಿದೆ. ಲೆಕ್ಕ ತಪ್ಪಾಗಿರಲಿಲ್ಲ. ಅಣ್ಣ ಬಹಳ ಹೊತ್ತು ಸುಮ್ಮನಿದ್ದು, "ಹೊಡೆ ಬರೂತನಾ ತಡೀಬೇಕಂತ ನನ್ನ ಮನಸಿನಾಗ ಐತಿ, ತಮ್ಮಾ. ಆದ್ರ ನೀ ಓದಿದಾಂವ" ಎಂದ. ಒಂದೂವರೆ ಎಕರೆಗೆ ನನ್ನ ಮಾತಿನಂತೆ ನೀರು ಹಾಯಿಸಿದ. ಅರ್ಧ ಎಕರೆಯನ್ನು ಮಾತ್ರ ತನ್ನ ಮನಸ್ಸಿನಂತೆ ಹಾಗೇ ಬಿಟ್ಟುಕೊಂಡ.

ನೀರು ಕುಡಿದ ಒಂದೂವರೆ ಎಕರೆ ಹದಿನೈದು ದಿನಗಳಲ್ಲಿ ಕಣ್ಣು ತಣಿಯುವಂತೆ ಬೆಳೆಯಿತು. ಅಗಲವಾದ ಎಲೆ, ಕಪ್ಪನೆಯ ಹಸಿರು. ನಾನು ಹೆಮ್ಮೆಪಟ್ಟೆ. ಆದರೆ ಅಗಲವಾದ ಎಲೆಯೆಂದರೆ ಹೆಚ್ಚು ಬಾಯಿಗಳು. ಹೆಚ್ಚು ಬಾಯಿಗಳೆಂದರೆ ದಿನದಿನವೂ ಹೆಚ್ಚು ಸುಂಕ. ನಾನು ಕೊಡಿಸಿದ ನೀರನ್ನೂ, ಅದರ ಜೊತೆಗೆ ಕೆಳಗಿನ ಕಣಜದಲ್ಲಿದ್ದುದನ್ನೂ ಆ ಬೆಳೆ ತೆನೆ ಬರುವ ಮುನ್ನವೇ ಉಂಡು ಮುಗಿಸಿತು. ಹೊಡೆ ಬಿಚ್ಚುವ ಹೊತ್ತಿಗೆ ನೆಲ ಅಂಗೈ ಹೋಗುವಷ್ಟು ಬಿರಿದಿತ್ತು. ತೆನೆಗಳು ಬಂದವು, ಕಾಳು ಹಾಲು ತುಂಬುವ ಮೊದಲೇ ಸುಕ್ಕಿದವು. ಆ ಅರ್ಧ ಎಕರೆಯ ಬೆಳೆ ಮೊದಲಿನಿಂದಲೂ ಗಿಡ್ಡಾಗಿತ್ತು, ಎಲೆ ಸಣ್ಣದಾಗಿತ್ತು. ಹೊಂಡದಲ್ಲಿ ಆರಿ ಉಳಿದಿದ್ದ ನೀರನ್ನು ಅಣ್ಣ ಹೊಡೆಯ ಕಾಲಕ್ಕೆ ಅದಕ್ಕೆ ಕೊಟ್ಟ. ಅಲ್ಲಿ ಕಾಳು ಮುತ್ತಿನಂತೆ ತುಂಬಿತು. ರಾಶಿ ಮಾಡುವಾಗ ಎರಡನ್ನೂ ಬೇರೆ ಬೇರೆ ಗುಡ್ಡೆ ಹಾಕಿದ. ನನ್ನನ್ನು ಒಂದು ಮಾತೂ ಆಡಲಿಲ್ಲ. ಕೊನೆಗೆ ನಾನೇ ತಪ್ಪಾಯಿತೆಂದಾಗ, "ನಿನ್ನ ಪಟ್ಟಿ ಖರೇನ ಐತಿ. ಆದ್ರ ನಮ್ಮ ಹೊಲ ಅದನ್ನ ಓದಿಲ್ಲ, ಏನ ಮಾಡೂದು?" ಎಂದು ನಕ್ಕ. ಆ ವರ್ಷ ದನಗಳಿಗೆ ಕಣಕಿ ಆಯಿತು. ಮನೆಗೆ ಜೋಳವನ್ನು ಕೊಂಡು ತರಬೇಕಾಯಿತು.

ಪಟ್ಟಿ ನಿಜವಾದುದೇ. ನೀರು ಮತ್ತೆ ಮತ್ತೆ ಸಿಕ್ಕುವ ಹೊಲಕ್ಕೆ ಬರೆದ ಪಟ್ಟಿ ಅದು. ಒಂದೇ ಸಲ ನೀರು ಕೊಡಬಲ್ಲ ಹೊಲಕ್ಕೆ, ಅದೂ ಗಾಳಿಯ ದಾಹ ಹೆಚ್ಚುತ್ತಿರುವ ಕಾಲದಲ್ಲಿ, ಅದನ್ನು ಹಾಗೇ ಅನ್ವಯಿಸಿದ್ದು ನನ್ನ ತಪ್ಪು.

ಈಗ ಮಳೆಯ ಕಡೆಗೆ ತಿರುಗೋಣ. ಬೇಡಿಕೆಯ ವಾರ ಬದಲಾಗುತ್ತಿರುವಂತೆ ಪೂರೈಕೆಯ ರೀತಿಯೂ ಬದಲಾಗುತ್ತಿದೆ. ಗೋಸ್ವಾಮಿ ಮತ್ತು ಅವರ ಸಹೋದ್ಯೋಗಿಗಳು 1951ರಿಂದ 2000ದ ವರೆಗಿನ ಮಳೆಯ ದಾಖಲೆಗಳನ್ನು ಪರಿಶೀಲಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಧ್ಯ ಭಾರತದಲ್ಲಿ ಅತಿಭಾರಿ ಮಳೆಯ ಪ್ರಸಂಗಗಳು ಹೆಚ್ಚಿವೆಯೆಂದೂ ಸಾಧಾರಣ ಮಳೆಯ ಪ್ರಸಂಗಗಳು ಕಡಿಮೆಯಾಗಿವೆಯೆಂದೂ ತೋರಿಸಿದರು. ಒಟ್ಟು ಮಳೆ ಹೆಚ್ಚುಕಡಿಮೆ ಅಷ್ಟೇ. ಆದರೆ ಹೊಲದ ಪಾಲಿಗೆ ಅದು ಅಷ್ಟೇ ಅಲ್ಲ. ನಿಧಾನವಾಗಿ ಬಿದ್ದ ಮಳೆ ಮಣ್ಣಿಗೆ ಇಳಿಯುತ್ತದೆ. ಒಂದೇ ಸಲ ಸುರಿದ ಮಳೆ ಮಣ್ಣನ್ನೂ ಎತ್ತಿಕೊಂಡು ಹಳ್ಳಕ್ಕೆ ಹೋಗುತ್ತದೆ. ಎರೆಮಣ್ಣು ಒಮ್ಮೆ ನೆಂದು ಉಬ್ಬಿತೆಂದರೆ ನೀರನ್ನು ಬಹಳ ನಿಧಾನವಾಗಿ ಒಳಗೆ ಬಿಡುತ್ತದೆ. ಹೀಗಾಗಿ ಮಳೆಮಾಪಕದಲ್ಲಿ 600 ಮಿಲಿಮೀಟರ್ ಕಂಡರೂ ಬೇರಿನ ಕಣಜ ಅರ್ಧ ಬರಿದಾಗಿರಬಹುದು. ಎರಡು ಮಳೆಗಳ ನಡುವಣ ಒಣಗಾಲ ಉದ್ದವಾದಾಗ, ದಿನಕ್ಕೆ ಕಾಲು ಮಿಲಿಮೀಟರಿನಷ್ಟು ಹೆಚ್ಚಿದ ಬೇಡಿಕೆಯೂ ದೊಡ್ಡದಾಗಿ ಕಾಡುತ್ತದೆ. ಇಪ್ಪತ್ತು ದಿನಗಳ ಒಣಗಾಲದಲ್ಲಿ ಕಾಲು ಮಿಲಿಮೀಟರ್ ಎಂದರೆ ಎಕರೆಗೆ 20,000 ಲೀಟರ್. ಬೆಳೆ ಇನ್ನೊಂದು ಮಳೆಯ ವರೆಗೆ ಜೀವ ಹಿಡಿಯುವುದೋ ಇಲ್ಲವೋ ಎಂಬುದು ಇಂಥ ಚಿಕ್ಕ ಅಂತರದಲ್ಲೇ ನಿರ್ಧಾರವಾಗುತ್ತದೆ.

ಕಾಲುವೆಯ ಕೆಳಗಿನ ರೈತರು ಇದು ತಮಗೆ ಸಂಬಂಧಿಸಿದ್ದಲ್ಲವೆಂದು ತಿಳಿಯಬಾರದು. ಗದ್ದೆಯಲ್ಲಿ ನಿಂತ ನೀರು ನನ್ನ ಬಾನಿಯಲ್ಲಿ ನಿಂತ ನೀರಿನ ಹಾಗೆಯೇ ಗಾಳಿಗೆ ಒಡ್ಡಿಕೊಂಡಿದೆ. ಕಬ್ಬು ವರ್ಷವಿಡೀ ಹೊಲದಲ್ಲಿದ್ದು ಏಪ್ರಿಲ್, ಮೇ ತಿಂಗಳ ಅತಿ ದಾಹದ ದಿನಗಳನ್ನೂ ದಾಟಬೇಕಾದ ಬೆಳೆ; ಅವಧಿ ಮೊಟಕಾಗಿ ನೀರು ಉಳಿಯುತ್ತದೆಂಬ ಸಮಾಧಾನವೂ ಅದರಲ್ಲಿಲ್ಲ. ಜಲಾಶಯದ ನೀರನ್ನು ಎಕರೆಗೆ ಇಷ್ಟೆಂದು ಹಿಂದೆ ಹಂಚಿದ ಲೆಕ್ಕಗಳು ಅಂದಿನ ಗಾಳಿಯನ್ನು ನಂಬಿ ಹಾಕಿದವು.

ಹಾಗಾದರೆ ಮಾಡಬೇಕಾದುದೇನು? ಹೊಸತನ್ನು ಹುಡುಕುವ ಮೊದಲು ಹಳೆಯದನ್ನು ನೆನೆಯುವುದು ಒಳ್ಳೆಯದು. 1930ರ ದಶಕದಲ್ಲಿ ಒಣಬೇಸಾಯದ ಸಂಶೋಧನೆಗೆಂದು ದೇಶದಲ್ಲಿ ಐದು ಕೇಂದ್ರಗಳನ್ನು ತೆರೆದಾಗ ಅವುಗಳಲ್ಲಿ ಇಂದಿನ ಕರ್ನಾಟಕದ ವಿಜಯಪುರ, ರಾಯಚೂರು, ಹಗರಿ ಈ ಮೂರೂ ಸೇರಿದ್ದವು. ಒಡ್ಡು ಹಾಕುವುದು, ಆಳವಾಗಿ ಉಳುವುದು, ಸಾಲುಗಳನ್ನು ಅಗಲಿಸಿ ಬಿತ್ತುವುದು, ಎಡೆಕುಂಟೆ ಹೊಡೆದು ಮೇಲ್ಮಣ್ಣನ್ನು ಸಡಿಲವಾಗಿ ಇಡುವುದು, ಇವೆಲ್ಲ ಆಗ ಪರೀಕ್ಷೆಗೆ ಒಳಗಾದ ಕ್ರಮಗಳು. ಮುಂಗಾರಿಗೆ ಮೊದಲೇ ಹೊಲವನ್ನು ಹತ್ತು-ಹದಿನೈದು ಅಡಿಯ ಚೌಕು ಮಡಿಗಳಾಗಿ ವಿಂಗಡಿಸಿದರೆ ಸುರಿಮಳೆಯೂ ಬಿದ್ದಲ್ಲೇ ನಿಂತು ಇಂಗುತ್ತದೆ. ಬೆಳೆ ನಿಂತ ಮೇಲೆ ಎಡೆಕುಂಟೆ ಹೊಡೆದರೆ ಕಳೆ ಸಾಯುವುದಷ್ಟೇ ಅಲ್ಲ, ಬಿರುಕುಗಳು ಮುಚ್ಚಿ ಒಳಗಿನ ತೇವ ಗಾಳಿಗೆ ಕಾಣದಂತಾಗುತ್ತದೆ. ಸಸಿಗಳು ಒತ್ತೊತ್ತಾಗಿದ್ದರೆ ಬರದ ವರ್ಷದಲ್ಲಿ ಕೆಲವನ್ನು ಕಿತ್ತು ತೆಗೆಯಬೇಕು; ಉಣ್ಣುವ ಬಾಯಿ ಕಡಿಮೆಯಾದರೆ ಉಳಿದವಕ್ಕೆ ಕೊನೆಯ ವರೆಗೆ ಸಾಕಾಗುತ್ತದೆ. ಹೊಂಡವಿದ್ದವರು ಅದನ್ನು ಅಗಲಕ್ಕಿಂತ ಆಳಕ್ಕೆ ತೋಡುವುದು ಲೇಸು. ಗಾಳಿ ಕುಡಿಯುವುದು ನೀರಿನ ಮೇಲ್ಮೈಯಿಂದ. ಇರುವುದು ಒಂದೇ ನೀರಾದರೆ ಹಿಂಗಾರಿ ಜೋಳಕ್ಕೆ ಅದು ಹೊಡೆಯ ಕಾಲಕ್ಕೆ ಮೀಸಲಾಗಿರಲಿ.

ಇವೆಲ್ಲ ಎಲ್ಲ ವರ್ಷಗಳನ್ನೂ ಗೆಲ್ಲಿಸುತ್ತವೆಂದು ನಾನು ಹೇಳಲಾರೆ. 2023ರ ಆಗಸ್ಟ್, 1901ರಿಂದ ಇರುವ ದಾಖಲೆಗಳಲ್ಲಿ ಇಡೀ ದೇಶಕ್ಕೆ ಅತ್ಯಂತ ಒಣ ಆಗಸ್ಟ್ ಆಗಿತ್ತು. ಆ ವರ್ಷ ಕರ್ನಾಟಕದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. ಅಣ್ಣನ ಹೊಂಡಕ್ಕೆ ನೀರೇ ಬರಲಿಲ್ಲ. ಯಾವಾಗ ಕೊಡಬೇಕೆಂಬ ನಮ್ಮಿಬ್ಬರ ತಿಳಿವಳಿಕೆ ಬತ್ತಿದ ಹೊಂಡದ ದಂಡೆಯ ಮೇಲೆ ಕೆಲಸಕ್ಕೆ ಬಾರದೆ ನಿಂತಿತು. ಚೌಕು ಮಡಿಗಳಲ್ಲಿ ಇಂಗಿದ ಅಷ್ಟಿಷ್ಟು ಮಳೆಯ ಮೇಲೆ ಎಕರೆಗೆ ಎರಡು ಚೀಲದಷ್ಟು ಜೋಳವೂ ದನಗಳಿಗೆ ಕಣಕಿಯೂ ಬಂದವು. ನೆರೆಯವರ ಕೆಲವು ಹೊಲಗಳಲ್ಲಿ ಅದೂ ಬರಲಿಲ್ಲ. ಗಾಳಿಯ ದಾಹ ಹೀಗೆಯೇ ಏರುತ್ತ ಹೋದರೆ ರೈತನೊಬ್ಬನೇ ತನ್ನ ಹೊಲದಲ್ಲಿ ಅದನ್ನು ಎದುರಿಸಲಾರ ಎಂಬುದನ್ನು ನಾವು ಒಪ್ಪಿಕೊಳ್ಳಬೇಕು.

ಆ ಸಲ ಬಿತ್ತುವ ಮುನ್ನ ಅಣ್ಣ ಹೊಲದ ನಡುವೆ ಮೊಳದುದ್ದ ಗುಣಿ ತೆಗೆದು, ಕೆಳಗಿನ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಉಂಡೆ ಕಟ್ಟಿ ನೋಡಿದ. ಉಂಡೆ ನಿಂತರೆ ಬಿತ್ತುವುದು, ಒಡೆದರೆ ಕಾಯುವುದು. ಅವನಿಗೆ ಗೊತ್ತಿರುವ ಮಾಪಕ ಅದೊಂದೇ. ಮೂವತ್ತು ವರ್ಷ ನಾನು ಅಳೆದದ್ದು ಗಾಳಿ ಎಷ್ಟು ಕೇಳುತ್ತದೆ ಎಂಬುದನ್ನು. ಅವನು ಅಳೆದದ್ದು ಮಣ್ಣು ಎಷ್ಟು ಕೊಡಬಲ್ಲುದು ಎಂಬುದನ್ನು. ಬೆಳೆಗೆ ನೀರೆಷ್ಟು ಬೇಕೆಂಬ ಪ್ರಶ್ನೆಗೆ ಉತ್ತರ ಹೇಳಲು ಈ ಎರಡೂ ಅಳತೆಗಳು ಒಂದೇ ಹೊಲದಲ್ಲಿ, ಒಂದೇ ಬೆಳಿಗ್ಗೆ, ಜೊತೆಯಾಗಬೇಕು. ಈಗ ನಾನು ಊರಿಗೆ ಹೋದಾಗ ಲೆಕ್ಕ ಹೇಳುವ ಮೊದಲು ಅಣ್ಣನ ಕೈಯಲ್ಲಿರುವ ಮಣ್ಣಿನ ಉಂಡೆಯನ್ನು ನೋಡುತ್ತೇನೆ. ಅವನೂ ಈಚೆಗೆ, "ನಿನ್ನ ಬಾನಿ ಏನ ಹೇಳತೈತಿ?" ಎಂದು ಕೇಳುವುದನ್ನು ರೂಢಿಮಾಡಿಕೊಂಡಿದ್ದಾನೆ.